ಅತ್ತೆಯ ಕೆನ್ನೆಯ ಗೆರೆ

ಎಂಬತ್ತರ ದಶಕದ ಆರಂಭ. ರಾಯಚೂರಿನ ಔಷಧಿ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್ ಆಗಿ ನಾನು ಸೇರಿದ ಹೊಸತು. ಡಿಪ್ಲೊಮಾ ಕೈಗೆ ಬಂದು ವರ್ಷ ತುಂಬಿರಲಿಲ್ಲ, ಉಪದೇಶ ಮಾತ್ರ ಊರಿಗೆಲ್ಲ ಹಂಚುವಷ್ಟಿತ್ತು. ತಲೆನೋವಿನ ಗುಳಿಗೆ ಕೇಳಲು ಬಂದವರಿಗೂ ಅರ್ಧ ತಾಸು ಭಾಷಣ ತಪ್ಪುತ್ತಿರಲಿಲ್ಲ.

ಮಾನ್ವಿಗೆ ಕೊಟ್ಟಿದ್ದ ನನ್ನ ಸೋದರತ್ತೆಗೆ ಅದೇ ವರ್ಷ ಕೆನ್ನೆಯ ಒಳಗೆ ಕ್ಯಾನ್ಸರ್ ಆಯಿತು. ಹೈದರಾಬಾದಿನ ದವಾಖಾನೆಯಲ್ಲಿ ಕರೆಂಟ್ ಕೊಡುತ್ತಿದ್ದರು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಇದೇ ಹೆಸರು. ಅದು ಎಲ್ಲಿ ಬೀಳಬೇಕೆಂದು ಗುರುತಿಗೆ ಅತ್ತೆಯ ಕೆನ್ನೆಯ ಮೇಲೆ ನೇರಳೆ ಮಸಿಯ ಗೆರೆ ಎಳೆದಿದ್ದರು. ದೀಪಾವಳಿಗೆ ನಾಲ್ಕು ದಿನ ಬಿಡುವು ಸಿಕ್ಕಿ ಅವಳು ದೇವದುರ್ಗದ ತವರಿಗೆ, ಅಂದರೆ ನಮ್ಮ ಮನೆಗೆ ಬಂದಳು. ಹಬ್ಬಕ್ಕೆ ನಾನೂ ಊರಿಗೆ ಬಂದಿದ್ದೆ.

ನನಗೆ ಕೇಳಬೇಕೆ! ಗೆರೆಗೆ ಎಣ್ಣೆ ತಾಕಬಾರದು, ಸೋಪು ತಾಕಬಾರದು, ನೀರೂ ತಾಕಬಾರದು. ಬಾಯಿಹುಣ್ಣಿಗೆ ಉಪ್ಪು-ಸೋಡಾ ಹಾಕಿದ ನೀರು ಮುಕ್ಕಳಿಸಬೇಕು. ಖಾರ ಬಂದ್. ಹಬ್ಬದ ಎಣ್ಣೆಸ್ನಾನವನ್ನೂ ತಪ್ಪಿಸಿದೆ.

"ಅಳಿಯಾ, ನೀ ಡಾಕ್ಟರಕಿಂತ ಜೋರ್ ಅದಿ ಬಿಡಲೇ," ಎಂದು ಅತ್ತೆ ನಕ್ಕಳು. ನಾನು ಉಬ್ಬಿದೆ.

ಹೊರಡುವ ದಿನ ನಾನು ಬಸ್ಸಿನ ಹೊತ್ತು ಕೇಳಿಕೊಂಡು ಬರುವಷ್ಟರಲ್ಲಿ ಓಣಿಯ ಹೆಂಗಸರು ಅತ್ತೆಗೆ ಉಡಿ ತುಂಬಿದ್ದರು. ಮುತ್ತೈದೆಯನ್ನು ಬರಿಗೆನ್ನೆಯಲ್ಲಿ ಕಳಿಸುವುದುಂಟೆ? ಎರಡೂ ಕೆನ್ನೆಗೆ ಒದ್ದೆ ಅರಿಷಿಣ ಬಳಿದಿದ್ದರು. ಒರೆಸಿ ನೋಡಿದರೆ ಗೆರೆ ಅರ್ಧ ಅಳಿಸಿಹೋಗಿತ್ತು.

ನಾನು ಅರಿಷಿಣದ ಮಾತೇ ಎತ್ತಿರಲಿಲ್ಲ. ಪುಸ್ತಕದಲ್ಲಿ ಓದಿದ್ದನ್ನೆಲ್ಲ ಒದರಿ, ಹುಟ್ಟಿದಾಗಿನಿಂದ ಮನೆಯಲ್ಲಿ ನೋಡಿದ್ದನ್ನೇ ಮರೆತಿದ್ದೆ.

"ಅದಕ್ಯಾಕ ಅಷ್ಟು ಹೆದರ್ತಿ? ಪೆನ್ನು ತಗೊಂಡು ತಿದ್ದಿಬಿಡು," ಎಂದಳು ನಮ್ಮವ್ವ. ಮರ್ಯಾದೆ ಉಳಿಸಿಕೊಳ್ಳುವ ಆಸೆಗೆ ಬಿದ್ದು ಜೇಬಿನಿಂದ ಪೆನ್ನು ತೆಗೆದೇಬಿಟ್ಟೆ. ಅತ್ತೆ ಕಣ್ಣು ಮುಚ್ಚಿ ಕೆನ್ನೆ ಮುಂದೆ ಮಾಡಿದಳು. ಗೆರೆ ಒಂದು ಬೆರಳು ಮೇಲೆ ಸರಿದರೂ ಕರೆಂಟ್ ಅವಳ ಕಣ್ಣಿನ ಹತ್ತಿರ ಬೀಳುತ್ತಿತ್ತು. ಪೆನ್ನನ್ನು ಮತ್ತೆ ಜೇಬಿಗೆ ಸೇರಿಸಿದೆ.

"ಅತ್ತಿ, ಇದು ನನಗ ಬರಂಗಿಲ್ಲ. ತಪ್ಪು ನಂದು. ನಾನೂ ಬರ್ತೀನಿ, ಅಲ್ಲೇ ಹೋಗಿ ಕೇಳೂಣು."

ಹೈದರಾಬಾದಿನ ಡಾಕ್ಟರು ನನ್ನನ್ನು ಚೆನ್ನಾಗಿ ಬೈದು, ಮತ್ತೆ ಅಳತೆ ತೆಗೆದು ಹೊಸ ಗೆರೆ ಎಳೆಸಿದರು. ಚಿಕಿತ್ಸೆ ಮುಗಿಯಿತು, ಅತ್ತೆ ಬದುಕಿದಳು. ಎಷ್ಟೋ ದಿನದ ಮೇಲೆ ಕೇಳಿದೆ: "ಅವತ್ತು ನಾ ಪೆನ್ನು ಹಿಡಿದಾಗ ಸುಮ್ನ ಯಾಕ ಕುಂತಿದ್ದಿ ಅತ್ತಿ?"

"ನೀ ಔಷಧ ಕೊಡಾವ. ನಿನಗ ಗೊತ್ತಿರತದ ಅಂತ ತಿಳಿದಿದ್ದೆ."

ಆ ಮಾತು ನೆನೆದರೆ ನನಗೆ ಇವತ್ತಿಗೂ ಹೆದರಿಕೆಯಾಗುತ್ತದೆ.