ಸೈದಾಬಿಯ ಬಾವಿ, ರಾಯರ ಕಣ

ಸೈದಾಬಿಯ ಬಾಯಿಗೆ ಹೆದರದವರು ಹೊರ್ತಿ ಊರಲ್ಲಿ ಯಾರೂ ಇರಲಿಲ್ಲ. ಅವಳ ಆಸ್ತಿಯೆಂದರೆ ಎರಡೆಕರೆ ಹೊಲ, ಮೂವತ್ತು ನಿಂಬೆ ಗಿಡ, ಅಪ್ಪ ರಸೂಲಸಾಬ ಕೈಯಾರೆ ತೋಡಿದ ಒಂದು ಬಾವಿ. ಸುತ್ತಲಿನ ಬಾವಿಗಳೆಲ್ಲ ಸವಳು. ಇದೊಂದೇ ಸಿಹಿ.

೧೯೬೩ರ ಬೇಸಿಗೆಯಲ್ಲಿ ಮೇಲಿನ ಹೊಲದ ಗುರುರಾಜರಾಯರು ನೀರೆತ್ತುವ ಎಂಜಿನ್ ತಂದರು. ಅದನ್ನು ನಡೆಸುವ ಮಶಾಕಸಾಬ ಚಕ್ಕಡಿಯಿಂದ ಇಳಿಸುವಾಗ ಡೀಸೆಲ್ ಪೀಪಾಯಿ ಕೆಡವಿದ. ಎರೆಭೂಮಿ ಆ ದಿನಗಳಲ್ಲಿ ಮೊಳಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ಎಣ್ಣೆಯೆಲ್ಲ ಗಟಗಟ ಒಳಗಿಳಿಯಿತು.

ಸೈದಾಬಿ ಓಡಿ ಬಂದಳು. "ಆ ಮಣ್ಣ ಇವತ್ತ ಅಗದು ತಗಸ್ರಿ ರಾಯರ. ಕೆಳಗ ನನ್ನ ಬಾವಿ ಐತಿ."

"ಭೂಮಿತಾಯಿ ಏನೇನೋ ನುಂಗ್ಯಾಳ, ಇದನ್ನ ಉಗುಳತಾಳೇನು?" ರಾಯರು ನಕ್ಕರು.

ಮಶಾಕಸಾಬ ಅದರ ಮೇಲೆ ಕುಂಟೆ ಹೊಡೆದು ಬಿರುಕು ಮುಚ್ಚಿದ. ನೋಡಿದವರಿಗೆ ಏನೂ ಆಗಿಲ್ಲವೆಂದೇ ಕಾಣಬೇಕು! ಸುಡಲಿ ಇಂಥ ಬುದ್ಧಿ. ಅಗೆದು ತೆಗೆದಿದ್ದರೆ ಅರ್ಧ ದಿನದ ಕೆಲಸ.

ಮಳೆ ಬಿತ್ತು. ನೀರು ಇಳಿಯುತ್ತ ಎಣ್ಣೆಯನ್ನೂ ಕರೆದುಕೊಂಡು ಹೋಯಿತು. ಶ್ರಾವಣದ ಹೊತ್ತಿಗೆ ಬಾವಿಯ ನೀರಿನ ಮೇಲೆ ಬಣ್ಣಬಣ್ಣದ ಪೊರೆ. ಎಮ್ಮೆ ಮೂಸಿ ಮುಖ ತಿರುಗಿಸಿತು. ನಿಂಬೆ ಗಿಡಗಳು ಎಲೆ ಉದುರಿಸಿದವು. ಸೈದಾಬಿ ಒಂದು ತಂಬಿಗೆ ತುಂಬಿಕೊಂಡು ರಾಯರ ಮನೆಗೆ ಹೋದಳು.

"ಕುಡೀರಿ."

ರಾಯರು ಮೂಗು ಮುಚ್ಚಿಕೊಂಡರು. "ಮಳಿ ಮಾಡಿದ್ದಕ್ಕ ನಾ ಏನ ಮಾಡ್ಲಿ? ನಮ್ಮ ಬಾವಿ ನೀರ ಸೇದ್ಕೊ, ಯಾರ ಬ್ಯಾಡಂತಾರ?"

"ನನ್ನ ಸಿಹಿನೀರ ಕೆಡಿಸಿ ನಿಮ್ಮ ಸವಳನೀರ ದಾನಾ ಮಾಡ್ತೀರೇನ್ರಿ?"

ಸಜ್ಜೆ ರಾಶಿಯ ಕಾಲ ಬಂತು. ರಾಯರ ಕಣ ಸಗಣಿ ಸಾರಿಸಿ ಸಿದ್ಧವಾಗಿತ್ತು. ಅಲ್ಲಿ ಚಪ್ಪಲಿ ಕಾಲಿಟ್ಟವನಿಗೆ ಉಳಿಗಾಲವಿರಲಿಲ್ಲ. ಸೈದಾಬಿ ಎಣ್ಣೆ ಚೆಲ್ಲಿದ ಜಾಗ ಅಗೆದು, ನಾರುವ ಮಣ್ಣನ್ನು ಬುಟ್ಟಿಬುಟ್ಟಿ ಹೊತ್ತು ತಂದು ಕಣದ ನಡುವೆ ಸುರಿದಳು.

"ಏ ಹುಚ್ಚಿ! ಕಾಳೆಲ್ಲಾ ನಾರತಾವ, ಯಾರ ತಿಂತಾರ ಅದನ್ನ?" ರಾಯರು ಕೂಗಿಕೊಂಡರು.

"ಯಾಕ್ರಿ, ಭೂಮಿತಾಯಿ ನುಂಗೂದಿಲ್ಲೇನು? ಮ್ಯಾಲೆ ಸಾರಿಸಿ ಬಿಡ್ರಿ, ಕಾಣೂದಿಲ್ಲ."

ರಾಯರು ಅಂದೇ ಕಣದ ಮಣ್ಣು ಎತ್ತಿಸಿದರು. ಮರುದಿನವೇ ಆಳು ಹಚ್ಚಿ ಹೊಲದಲ್ಲಿ ಉಳಿದ ಎಣ್ಣೆಮಣ್ಣನ್ನೂ ತೆಗೆಸಿದರು. ಅವರ ಸಜ್ಜೆ ಉಳಿಯಿತು. ಬಾವಿಯ ಪಾಲಿಗೆ ಆರು ತಿಂಗಳು ತಡವಾಗಿತ್ತು.

ಮುಂದೆ ಹನ್ನೊಂದು ವರ್ಷ ಸೈದಾಬಿ ದಿನಾ ಬೆಳಗ್ಗೆ ಅಪ್ಪನ ಬಾವಿಯಿಂದ ಒಂದು ಕೊಡ ಸೇದುತ್ತಿದ್ದಳು. ಮೂಸುತ್ತಿದ್ದಳು, ಚೆಲ್ಲುತ್ತಿದ್ದಳು. ಆಮೇಲೆ ಬೈಯುತ್ತಲೇ ರಾಯರ ಸವಳು ಬಾವಿಗೆ ನಡೆಯುತ್ತಿದ್ದಳು.