ಮೀನಿಗೆ ನೀರು ಹಿಡಿಯಬೇಡಿ ಎನ್ನುವ ಮೈಲಾರಿ

ತಿಪಟೂರಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಕೊಬ್ಬರಿ ಲಾರಿಗಳು ಹೊರಡುವ ಮುನ್ನವೇ ನೀರು ಬಿಡುವ ಮೈಲಾರಿ ರಸ್ತೆಯಂಚಿನ ಗುಂಡಿಗೆ ಬಗ್ಗಿ, ಉದ್ದನೆಯ ಕಬ್ಬಿಣದ ಕೀಲಿಯಿಂದ ವಾಲ್ ತಿರುಗಿಸುತ್ತಾರೆ. ಬೀದಿಯುದ್ದಕ್ಕೂ ಬಿಂದಿಗೆಗಳ ಸದ್ದೇಳುತ್ತದೆ. ಅವರ ಸೈಕಲ್ಲು ಮೆಕ್ಯಾನಿಕ್ ಜುಲ್ಫಿಕರ್ ಅವರ ಗೇಟಿನ ಮುಂದೆ ನಿಲ್ಲುತ್ತದೆ.

"ಅಮ್ನಮ್ಮಾ, ಇವತ್ತು ಪೌಡ್ರು ಜಾಸ್ತಿ ಬಿದ್ದೈತೆ. ಮೀನಿಗೆ ನೀರು ಹಿಡೀಬ್ಯಾಡಿ!"

"ಆಯ್ತು ಮೈಲಾರಣ್ಣಾ, ಟೀ ಕುಡ್ಕೊಂಡು ಹೋಗಿ," ಎನ್ನುತ್ತಾರೆ ಜುಲ್ಫಿಕರ್ ಪತ್ನಿ ಅಮ್ನಾ.

ಅಮ್ನಾ ಕಡಲತಡಿಯ ಭಟ್ಕಳದವರು. ತೊಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಬಂದಾಗ ಅಲೆಯ ಸದ್ದಿಲ್ಲದೆ ಅವರಿಗೆ ನಿದ್ದೆಯೇ ಹತ್ತುತ್ತಿರಲಿಲ್ಲವಂತೆ. ಜುಲ್ಫಿಕರ್ ತಾವೇ ಗಾಜು ಕೂಡಿಸಿ ಮೀನಿನ ತೊಟ್ಟಿ ಮಾಡಿದರು. ಬೆಂಗಳೂರಿನಿಂದ ನೀರಿಗೆ ಬೆರೆಸಲು ಕಡಲ ಉಪ್ಪಿನ ಪೊಟ್ಟಣ, ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು ತಂದರು. "ಅವನ್ನ ನೋಡ್ತಾ ಕೂತ್ರೆ ತವರುಮನೆ ಅಂಗಳದಲ್ಲಿ ಕೂತ ಹಾಗಿತ್ತು," ಎನ್ನುತ್ತಾರೆ ಅಮ್ನಾ. ಆಗ ಸ್ಕೂಲು ಬಿಟ್ಟ ಮಕ್ಕಳೆಲ್ಲ ಆ ಮನೆಯ ಕಿಟಕಿಗೆ ಮುತ್ತುತ್ತಿದ್ದರು. ಅವರ ಹಿಂದೆ ನಿಂತು ಮೈಲಾರಿಯೂ ಇಣುಕುತ್ತಿದ್ದರು.

ತೊಂಬತ್ತೆಂಟರ ಬೇಸಿಗೆಯಲ್ಲಿ ಊರಿಗೆ ವಾಂತಿಭೇದಿ ಬಂತು. ಮೇಲಿನವರ ಅಪ್ಪಣೆಯಂತೆ ಮೈಲಾರಿ ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹೆಚ್ಚು ಸುರಿದರು. ಬಿಸಿಲಿಗೆ ನೀರು ಇಳಿದಿದ್ದ ತೊಟ್ಟಿಗೆ ಅಮ್ನಾ ಎಂದಿನಂತೆ ನಲ್ಲಿ ನೀರು ಹಾಕಿದರು. ಸಂಜೆಯೊಳಗೆ ಎರಡೂ ಮೀನು ಹೊಟ್ಟೆ ಮೇಲಾಗಿ ತೇಲಿದವು.

"ಪೌಡ್ರು ಹಾಕ್ದೋನು ನಾನೇ ಕಣ್ರೀ. ಹಾಕ್ದೆ ಇದ್ರೆ ಊರ ಮಕ್ಕಳ ಗತಿ? ಹಾಕಿದ್ದಕ್ಕೆ ಆ ಜೀವ ಹೋಯ್ತು. ಏನ್ ಮಾಡಾನ ಹೇಳಿ?"

ನೀರು ಪರೀಕ್ಷೆಗೆ ಬಂದವರನ್ನು ಮೈಲಾರಿ ವಿಚಾರಿಸಿದರು. ಬಾಯಗಲದ ಡ್ರಮ್ಮಿನಲ್ಲಿ ನೀರನ್ನು ಒಂದೆರಡು ದಿನ ತೆರೆದಿಟ್ಟು, ಗಾಳಿಗುಳ್ಳೆ ಬಿಟ್ಟರೆ ಪೌಡರಿನ ಘಾಟು ಹೋಗುತ್ತದೆ ಎಂದು ಅವರು ಹೇಳಿದರು. ಆದರೆ ಅಮ್ನಾ ಅವರ ಮನಸ್ಸು ಒಡೆದಿತ್ತು. ಮಳೆಗಾಲವೆಲ್ಲ ಖಾಲಿ ತೊಟ್ಟಿಯಲ್ಲಿ ಹೊಲಿಗೆಯ ದಾರದುಂಡೆಗಳಿದ್ದವು.

ಒಂದು ಬೆಳಿಗ್ಗೆ ಮೈಲಾರಿ ಬಿಳಿಗೆರೆ ಹಳ್ಳಿಯ ತಮ್ಮ ಮನೆಯಿಂದ ಡ್ರಮ್ಮೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದರು. ಅಂಗಳದಲ್ಲಿಟ್ಟು ಉಜ್ಜಿ ತೊಳೆದು, "ನೀರು ನಾನ್ ನೋಡ್ಕತೀನಿ ತಾಯಿ, ಮೀನು ನೀವು ತನ್ನಿ," ಎಂದರು. ಅಮ್ನಾ ಒಳಗೆ ಹೋಗಿ ತೊಟ್ಟಿಯಿಂದ ದಾರದುಂಡೆಗಳನ್ನು ತೆಗೆದರು.

ಇದು ಎರಡು ಸಾವಿರದ ಐದು; ಅದಾಗಿ ಏಳು ವರ್ಷವಾಗಿದೆ. ಆಮೇಲೆ ತಂದ ಮೀನುಗಳು ಇವತ್ತಿಗೂ ಆಡುತ್ತಿವೆ. ಡ್ರಮ್ಮಿನ ನೀರನ್ನು ಪುಟ್ಟ ಗಾಜಿನ ನಳಿಗೆಗೆ ತೆಗೆದು ಮೈಲಾರಿ ಔಷಧಿ ಹನಿಸುತ್ತಾರೆ. ಹಳದಿಗೆ ತಿರುಗಿದರೆ ಪೌಡರ್ ಉಳಿದಿದೆಯೆಂದೇ ಅರ್ಥ; "ಇನ್ನೂ ಆಗಿಲ್ಲ" ಎಂದು ತಲೆಯಾಡಿಸುತ್ತಾರೆ. ವಾಲ್ ಗುಂಡಿಯಲ್ಲಿ ಎರಡು ಸಲ ಚೇಳು ಕುಟುಕಿದೆ. ನೀರು ಬಾರದ ದಿನ ಬೀದಿಯ ಬೈಗುಳವೆಲ್ಲ ಅವರಿಗೇ. ಅದನ್ನು ಕೇಳಿದರೆ ನಕ್ಕುಬಿಡುತ್ತಾರೆ.

ಮುಂದಿನ ವರ್ಷ ನಿವೃತ್ತಿ. ಏನಾದರೂ ಆಸೆ?

"ಅಮ್ನಮ್ಮ ಅವ್ರೂರಿಗೆ ಕರ್ದವ್ರೆ. ಅಲ್ಲಿ ಅಷ್ಟೊಂದು ನೀರೈತಂತೆ, ಬಿಡೋಕೆ ಒಬ್ಬ ಆಳೂ ಇಲ್ವಂತೆ. ಒಂದ್ ದಪ ನೋಡ್ಕಂಡು ಬರ್ಬೇಕು ಕಣ್ರೀ."