ಇನ್ನಾಸಪ್ಪನವರ ಹಣ್ಣುಕೊಯ್ಲು

ಮಾರನಹಳ್ಳಿ ಕಡೆಯ ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಇನ್ನಾಸಪ್ಪನವರಷ್ಟು ಭಕ್ತಿಯಿಂದ ದೇವರನ್ನು ಅನುಮಾನಿಸುವವರು ನಮ್ಮ ಚರ್ಚಿನಲ್ಲಿ ಇನ್ನೊಬ್ಬರಿಲ್ಲ. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಮುಂದಿನ ಬೆಂಚು ಹಿಡಿಯುತ್ತಾರೆ. ವಾರವೆಲ್ಲ ಆಳುಗಳಿಗೆ “ಹಣ್ಣಷ್ಟೇ ಕುಯ್ರವ್ವಾ, ಕಾಯ್ ಮುಟ್ಬ್ಯಾಡಿ” ಎಂದು ಕೂಗುವ ಮನುಷ್ಯ, ಪೂಜೆಯಲ್ಲಿ ಎಲ್ಲರೂ ಒಟ್ಟಾಗಿ ಸಾಲು ಸಾಲಾಗಿ ಹೇಳುವ ವಿಶ್ವಾಸಪ್ರಮಾಣವನ್ನೂ ಹಾಗೆಯೇ ಕೊಯ್ಯುತ್ತಾರೆ. ನಂಬಿಕೆ ಬಂದ ಸಾಲಿಗೆ ಗಂಟಲು ಹರಿಯುವಂತೆ ದನಿಗೂಡಿಸುತ್ತಾರೆ, ಬಾರದ ಸಾಲಿಗೆ ತುಟಿ ಬಿಗಿದುಕೊಂಡು ಮಾಡಿನ ಹೆಂಚು ನೋಡುತ್ತಾರೆ. ಯೇಸು ಶಿಲುಬೆಗೇರಿದ್ದು ಹಣ್ಣು, ಸ್ವರ್ಗಕ್ಕೇರಿದ್ದು ದೋರೆಗಾಯಿ, ಸತ್ತವರು ಎದ್ದುಬರುವುದಂತೂ ಅಪ್ಪಟ ಹಸಿರು ಕಾಯಿ. ಫಾದರ್ ಗದರಿದರೆ, “ಇನ್ನೂ ಕೆಂಪಾಗಿಲ್ಲ ಫಾದರ್, ನಾನೇನ್ ಮಾಡ್ಲಿ? ಮುಂದಿನ್ ವಾರ ನೋಡಾನ” ಎನ್ನುತ್ತಾರೆ. ಹೆಂಗಸರ ಸಾಲಿನಿಂದ ಹೆಂಡತಿ ಸೆಲಿನಮ್ಮ ಕಣ್ಣು ಕೆಂಪಗೆ ಮಾಡಿದರೂ ಇವರ ಕಾಯಿ ಕೆಂಪಾಗುತ್ತಿರಲಿಲ್ಲ. ಆ ಸೆಲಿನಮ್ಮನನ್ನು ಮಣ್ಣು ಮಾಡಿದ ಮರು ಭಾನುವಾರ, ‘ಸತ್ತವರ ಪುನರುತ್ಥಾನ’ ಎನ್ನುವಲ್ಲಿ ಇನ್ನಾಸಪ್ಪನವರ ದನಿ ಇಡೀ ಚರ್ಚಿನ ದನಿಯನ್ನು ಮೀರಿ ಹೋಯಿತು. ಪೂಜೆ ಮುಗಿದ ಮೇಲೆ ಫಾದರ್ ಅವರ ಹೆಗಲ ಮೇಲೆ ಕೈಯಿಟ್ಟು, “ಅಂತೂ ಹಣ್ಣಾಯ್ತಾ ಇನ್ನಾಸಪ್ಪ?” ಎಂದರು. “ಎಲ್ಲಿ ಫಾದರ್,” ಎಂದರು ಇನ್ನಾಸಪ್ಪ, “ಕಾಯ್ನೇ ಕಿತ್ಬುಟ್ಟೆ.”